ರಂಗಪ್ರಕೋಪವೂ ಕುಲಪ್ರಶ್ನೆಯೂ

ಮಹಾಭಾರತವನ್ನು ಪಾಠಹೇಳುವವರು ಆದಿಪರ್ವದ ಅಸ್ತ್ರವಿದ್ಯಾಪ್ರದರ್ಶನದ ಪ್ರಕರಣವನ್ನು ಸಾಮಾನ್ಯವಾಗಿ ವೀರರಸಕ್ಕೆ ಉದಾಹರಣೆಯಾಗಿ ಎತ್ತಿಕೊಳ್ಳುತ್ತಾರೆ. ರಾಜಕುಮಾರರ ಹಸ್ತಲಾಘವ, ಪ್ರೇಕ್ಷಕರ ಹರ್ಷೋದ್ಗಾರ, ಕರ್ಣನ ಆಕಸ್ಮಿಕ ಪ್ರವೇಶ ಇವುಗಳನ್ನು ವಿವರಿಸಿ, ಮುಂದೆ ನಡೆಯತಕ್ಕ ಮಹಾಯುದ್ಧಕ್ಕೆ ಇದೇ ಬೀಜವೆಂದು ಹೇಳಿ ಮುಗಿಸುವುದು ರೂಢಿ. ಈ ವ್ಯಾಖ್ಯಾನವು ತಪ್ಪಲ್ಲ, ಆದರೆ ಸಾಲದು. ವ್ಯಾಸರು ಅಲ್ಲಿ ಆಟಗಾರರನ್ನು ವರ್ಣಿಸಿದಷ್ಟೇ ಎಚ್ಚರದಿಂದ ಆಟವನ್ನು ನೋಡಬಂದವರನ್ನೂ ವರ್ಣಿಸಿದ್ದಾರೆ. ಒಂದು ಪಟ್ಟಣವು ಒಂದು ಬಯಲಿನ ಸುತ್ತ ಕುಳಿತಾಗ ಆ ಪಟ್ಟಣದ ಒಳಗಿನ ಬಿರುಕುಗಳು ಹೇಗೆ ಕಣ್ಣಿಗೆ ಬೀಳುತ್ತವೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಪ್ರಕರಣವು ಪ್ರಾಚೀನ ಸಾಹಿತ್ಯದಲ್ಲಿ ವಿರಳ. ಆಟದ ಬಯಲಿನಲ್ಲಿ ಜಾತಿಯಿಲ್ಲ, ಮತವಿಲ್ಲ ಎಂಬ ಮಾತು ಇಂದು ಸಭೆಗಳಲ್ಲಿಯೂ ಬಹುಮಾನ ವಿತರಣೆಯ ವೇದಿಕೆಗಳಲ್ಲಿಯೂ ಪದೇಪದೇ ಕೇಳಬರುತ್ತಿರುವುದರಿಂದ, ಆ ಪ್ರಕರಣವನ್ನು ಮತ್ತೊಮ್ಮೆ ಬಿಚ್ಚಿನೋಡುವುದು ಅಕಾರ್ಯವಾಗಲಾರದು.

ದ್ರೋಣನ ಬಿನ್ನಹದಂತೆ ಧೃತರಾಷ್ಟ್ರನು ವಿದುರನಿಗೆ ಆಜ್ಞೆಮಾಡುತ್ತಾನೆ. ಮರಗಿಡಗಳಿಲ್ಲದ ಸಮನೆಲವನ್ನು ಆರಿಸಿ, ಅಳೆದು, ಬಲಿಹಾಕಿ, ರಾಜನಿಗೂ ಸ್ತ್ರೀಯರಿಗೂ ಪ್ರೇಕ್ಷಾಗಾರವನ್ನು ಕಟ್ಟುತ್ತಾರೆ. ಪುರಜನರು ತಮ್ಮ ತಮ್ಮ ಮಂಚಗಳನ್ನು ತಾವೇ ಹಾಕಿಕೊಳ್ಳುತ್ತಾರೆ. ನಾಲ್ಕು ವರ್ಣದವರೂ ಊರಿನಿಂದ ಧಾವಿಸಿ ಬರುತ್ತಾರೆ. ಆದರೆ ಎಲ್ಲರೂ ಒಂದೆಡೆ ಸೇರಿದರೆಂದ ಮಾತ್ರಕ್ಕೆ ಎಲ್ಲರೂ ಒಂದೆಡೆ ಕುಳಿತರೆಂದು ಅರ್ಥವಲ್ಲ. ಮಂಚಗಳ ಎತ್ತರದಲ್ಲಿಯೇ ಊರಿನ ನಕ್ಷೆ ಇರುವುದು.

ಭೀಮ ದುರ್ಯೋಧನರು ಗದೆ ಹಿಡಿದು ಇಳಿದೊಡನೆ ಮೊದಲ ಸೀಳು ಕಾಣುತ್ತದೆ. ಕೆಲವರು ಇವನ ಹೆಸರನ್ನೂ ಕೆಲವರು ಅವನ ಹೆಸರನ್ನೂ ಕೂಗುತ್ತಾರೆ; ಕೂಗು ಸಮುದ್ರದ ಮೊರೆತದಂತೆ ಏರುತ್ತದೆ. ಆಗ ದ್ರೋಣನು ಮಗನಾದ ಅಶ್ವತ್ಥಾಮನನ್ನು ಕರೆದು ಇಬ್ಬರನ್ನೂ ತಡೆಯೆಂದು ಹೇಳುತ್ತಾನೆ. ಅವನ ಭಯವು ಶಿಷ್ಯರಿಗೆ ಗಾಯವಾದೀತೆಂಬುದಲ್ಲ, ರಂಗವೇ ಕೆರಳೀತೆಂಬುದು. ಗದೆಯನ್ನು ಹಿಡಿದವರಿಬ್ಬರೇ ಆದರೂ ಪ್ರಕೋಪವು ಮಂಚಗಳಿಗೆ ಸೇರಿದ್ದು. ಇಂದು ದೊಡ್ಡ ಪಂದ್ಯಗಳಲ್ಲಿ ಬಯಲಿಗೆ ಬೆನ್ನುಮಾಡಿ ಜನರ ಕಡೆಗೆ ಮುಖಮಾಡಿ ನಿಲ್ಲುವ ಪೋಲೀಸಿನವರನ್ನು ನೋಡಿದವರಿಗೆ ದ್ರೋಣನ ಎಚ್ಚರವು ಚೆನ್ನಾಗಿ ಅರ್ಥವಾಗುವುದು.

ಅನಂತರ ಅರ್ಜುನನ ಪ್ರದರ್ಶನ, ಅದರ ಕೊನೆಯಲ್ಲಿ ಬಾಗಿಲ ಬಳಿ ಭುಜ ತಟ್ಟಿದ ಸದ್ದು, ಕರ್ಣನ ಪ್ರವೇಶ. ಅರ್ಜುನನು ಮಾಡಿದುದೆಲ್ಲವನ್ನೂ ಅವನು ಮಾಡಿ ತೋರಿಸುತ್ತಾನೆ. ಇಲ್ಲಿಯವರೆಗೆ ಅವನನ್ನು ಯಾರೂ ತಡೆಯಲಿಲ್ಲವೆಂಬುದನ್ನು ಗಮನಿಸಬೇಕು. ಅವನು ಬಿಲ್ಲು ಹಿಡಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ; ದ್ರೋಣನೇ ಅನುಜ್ಞೆ ಕೊಟ್ಟಿದ್ದಾನೆ. ಅವನು ಸರಿಸಮನಾಗಿ ಎದುರು ನಿಲ್ಲುತ್ತೇನೆಂದಾಗ ಮಾತ್ರ, ದ್ವಂದ್ವದ ಸಮಯಾಚಾರವನ್ನು ಬಲ್ಲ ಕೃಪನು ಎದ್ದು, ಎದುರಿನವನ ತಾಯಿಯ ಹೆಸರನ್ನೂ ವಂಶವನ್ನೂ ಹೇಳಿ, ನಿನ್ನ ತಾಯಿ ಯಾರು, ತಂದೆ ಯಾರು, ಕುಲ ಯಾವುದು ಎಂದು ವಿನಯದಿಂದಲೇ ಕೇಳುತ್ತಾನೆ. ಆ ಕ್ಷಣದಲ್ಲಿ ರಂಗವು ಎರಡಾಯಿತು, ಸ್ತ್ರೀಯರಲ್ಲಿಯೂ ಎರಡು ಪಕ್ಷವಾಯಿತು, ಸತ್ಯವನ್ನು ಬಲ್ಲ ಒಬ್ಬಳು ಮೂರ್ಛೆಹೋದಳು. ಆಕಾಶದಲ್ಲಿಯೂ ಇಂದ್ರನ ಮೋಡ ಒಂದು ಕಡೆ, ಸೂರ್ಯನ ಬಿಸಿಲು ಒಂದು ಕಡೆ. ಪಟ್ಟಣವು ಒಡೆದುದಕ್ಕೆ ದೇವತೆಗಳ ಸಾಕ್ಷಿಯನ್ನೂ ಮಹರ್ಷಿಗಳು ಹಾಕಿಸಿದ್ದಾರೆ. ಕೃಪನ ಮಾತಿನಲ್ಲಿ ದ್ವೇಷವಿಲ್ಲವೆಂಬುದೇ ಈ ಪ್ರಕರಣದ ತಿರುಳು. ಅವನು ನಿಯಮವನ್ನು ಹೇಳಿದನಷ್ಟೆ. ದ್ವೇಷದ ಮಾತು ಬರುವುದು ಭೀಮನಿಂದ, ಅದೂ ಮುದುಕನಾದ ಸೂತನು ಬೆವರುತ್ತ ನಡುಗುತ್ತ ಮಗನನ್ನು ನೋಡಬಂದ ಮೇಲೆ. ನಿಯಮವು ಗೌರವದಿಂದ ನುಡಿದುದನ್ನೇ ಗುಂಪು ಅಪಹಾಸ್ಯದಿಂದ ನುಡಿಯುವುದೆಂಬ ಕ್ರಮವು ಹಸ್ತಿನಾವತಿಯಲ್ಲಿ ಮುಗಿದುಹೋದುದಲ್ಲ.

ಇದಕ್ಕೆ ಸಮೀಪದ ದೃಷ್ಟಾಂತವು ಧಾರವಾಡದಿಂದಲೇ ದೊರೆಯುತ್ತದೆ. ಪಳವಣಕರ ಬಾಳೂ ಅವರು 1876ರಲ್ಲಿ ಧಾರವಾಡದಲ್ಲಿ, ಚರ್ಮದ ಕೆಲಸದ ಕುಲವೆಂದು ಸಮಾಜವು ದೂರವಿಟ್ಟಿದ್ದ ಮನೆತನದಲ್ಲಿ ಹುಟ್ಟಿದರು. ಬೆಳೆದುದು ಪುಣೆಯಲ್ಲಿ. ಅಲ್ಲಿನ ಪಾರಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ನೆಲ ಗುಡಿಸಿ ಉರುಳೆ ಎಳೆಯುವ ಕೆಲಸಕ್ಕೆ ತಿಂಗಳಿಗೆ 3 ರೂಪಾಯಿ ಸಂಬಳವಿತ್ತು. ಬಳಿಕ ಐರೋಪ್ಯರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿಗೆ ಸೇರಿ, ಅಭ್ಯಾಸಕ್ಕೆ ಬರುವ ಸಾಹೇಬರಿಗೆ ಚೆಂಡೆಸೆಯುತ್ತ ಎಸೆತದ ಕಲೆಯನ್ನು ಸಾಧಿಸಿದರು. ಗ್ರೇಗ್ ಎಂಬ ಪ್ರಸಿದ್ಧ ದಾಂಡಿಗನು ತನ್ನನ್ನು ಔಟುಮಾಡಿದ ಒಂದೊಂದು ಸಲಕ್ಕೂ ಅವರಿಗೆ ಎಂಟಾಣೆ ಕೊಡುತ್ತಿದ್ದನೆಂಬ ಕಥೆ ಪ್ರಚಾರದಲ್ಲಿದೆ. ಅದು ಹೇಗೇ ಇರಲಿ, ಆ ಸಾಹೇಬರು ಚೆಂಡನ್ನು ಮಾತ್ರ ಅವರ ಕೈಗೆ ಕೊಟ್ಟರೇ ಹೊರತು ದಾಂಡನ್ನು ಎಂದೂ ಕೊಡಲಿಲ್ಲವೆಂದು ಹೇಳುತ್ತಾರೆ. ಎಸೆಯುವುದು ಸೇವಕನ ಶ್ರಮ, ಹೊಡೆಯುವುದು ಪ್ರಭುವಿನ ಲೀಲೆ. ವರ್ಣವಿಭಾಗವು ಆಟದ ಒಳಗೇ ಹೀಗೆ ಎರಡು ಕೆಲಸಗಳಾಗಿ ಒಡೆದು ಕುಳಿತಿತ್ತು.

ಪುಣೆಯ ಹಿಂದೂ ಸಂಘದವರಿಗೆ ಐರೋಪ್ಯರನ್ನು ಸೋಲಿಸಬೇಕೆಂಬ ಹಂಬಲ. ಸೋಲಿಸಬಲ್ಲ ಕೈಯೊಂದು ಊರಿನಲ್ಲಿಯೇ ಇದೆ. ಆದರೆ ಆ ಕೈಯನ್ನು ಮುಟ್ಟುವಂತಿಲ್ಲ. ಬಹಳ ಚರ್ಚೆಯಾದ ಮೇಲೆ ಬಾಳೂ ಅವರನ್ನು ಸೇರಿಸಿಕೊಂಡರು. ಬಯಲಿನಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ಆಟದ ನಡುವೆ ಚಹದ ಹೊತ್ತು ಬಂದಾಗ ಉಳಿದವರು ಮಂಟಪದೊಳಕ್ಕೆ ಹೋದರು; ಅವರಿಗೆ ಹೊರಗೆ, ಬೇರೆಯಾಗಿ, ಎಸೆದುಬಿಡತಕ್ಕ ಮಣ್ಣಿನ ಕುಡಿಕೆಯಲ್ಲಿ ಚಹ ಬಂದಿತು. ಇಲ್ಲಿ ಶಾಸ್ತ್ರಜ್ಞರು ಯೋಚಿಸಬೇಕಾದ ಅಂಶವೊಂದಿದೆ. ಆ ಚೆಂಡು ಚರ್ಮದ್ದು. ಚರ್ಮವನ್ನು ಹದಮಾಡುವವನ ಸ್ಪರ್ಶವು ದೋಷವಾದರೆ ಚರ್ಮದ ಸ್ಪರ್ಶವೂ ದೋಷವಾಗಬೇಕಷ್ಟೆ. ಚೆಂಡಿಗೆ ಇಲ್ಲದ ಮೈಲಿಗೆಯು ಕುಡಿಕೆಗೆ ಹೇಗೆ ಬಂದಿತು? ಧರ್ಮಶಾಸ್ತ್ರದ ಯಾವ ನಿಬಂಧವೂ ಇದಕ್ಕೆ ಸಮಾಧಾನವನ್ನು ಹೇಳಲಾರದು. ಗೆಲ್ಲಬೇಕೆಂಬ ಆಸೆಯೊಂದೇ ಹೇಳಬಲ್ಲುದು. ಆಟವು ನಡೆಯುವಷ್ಟು ಹೊತ್ತು, ಆಟಕ್ಕೆ ಬೇಕಾದಷ್ಟೇ ಮಟ್ಟಿಗೆ, ಕಟ್ಟಳೆಯನ್ನು ಅಮಾನತಿನಲ್ಲಿಟ್ಟಿದ್ದರು. ಆದರೂ ಅಂದಿನ ಪುಣೆಯಲ್ಲಿ ಇದನ್ನು ಎತ್ತಿಹೇಳಿದವರು ಇಲ್ಲದಿರಲಿಲ್ಲ. ಜೊತೆಗೆ ಆಡಬಹುದಾದವನ ಜೊತೆಗೆ ಉಣ್ಣಲೇಕೆ ಬಾರದೆಂಬ ಅಭಿಪ್ರಾಯವನ್ನು ಮಹಾದೇವ ಗೋವಿಂದ ರಾನಡೆಯವರು ಬಹಿರಂಗವಾಗಿ ಸೂಚಿಸಿದರು.

1896ರಲ್ಲಿ ಪ್ಲೇಗಿನ ಕಾಲದಲ್ಲಿ ಬಾಳೂ ಅವರು ಮುಂಬಯಿಗೆ ಹೋದರು. ಮುಂಬಯಿಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ನಗರದ ಮೈದಾನಕ್ಕಾಗಿಯೇ ಒಂದು ವ್ಯಾಜ್ಯ ನಡೆದಿತ್ತು. ಐರೋಪ್ಯರ ಪೋಲೋ ಕುದುರೆಗಳು ನೆಲವನ್ನು ಕೆಡಿಸುತ್ತವೆ, ನೂರಾರು ದೇಶೀಯ ಬಾಲಕರಿಗೆ ಆಡುವುದಕ್ಕೆ ಜಾಗವಿಲ್ಲವೆಂದು ಪಾರಸಿಗಳು ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಕೊನೆಗೆ ಸಮುದ್ರತೀರದಲ್ಲಿ ನೆಲ ದೊರೆತುದು ಮತಾನುಸಾರವಾಗಿ. ಪಾರಸಿ, ಇಸ್ಲಾಂ, ಹಿಂದೂ ಜಿಮಖಾನೆಗಳು ಇಂದಿಗೂ ಮರೀನ್ ಡ್ರೈವಿನ ಬದಿಯಲ್ಲಿ ಸಾಲಾಗಿ ನಿಂತಿವೆ. ಊರನ್ನು ಹಂಚಿದ ಗೆರೆಯು ಬಯಲನ್ನೂ ಹಂಚಿತು; ಬಯಲನ್ನು ಹಂಚಿದ ಗೆರೆಯು ತಂಡಗಳನ್ನೂ ಹಂಚಿತು. ಐರೋಪ್ಯರಿಗೂ ಪಾರಸಿಗಳಿಗೂ 1892ರಿಂದ ನಡೆಯುತ್ತಿದ್ದ ಪಂದ್ಯಕ್ಕೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸಲ್ಮಾನರು ಸೇರಿದರು. 1937ರಲ್ಲಿ ಕ್ರೈಸ್ತರು, ಆಂಗ್ಲೋ-ಇಂಡಿಯನ್ನರು, ಯೆಹೂದ್ಯರು, ಬೌದ್ಧರು ಮೊದಲಾದವರನ್ನು ಒಟ್ಟುಗೂಡಿಸಿ ಉಳಿದವರು ಎಂಬ ಐದನೆಯ ತಂಡವನ್ನು ಮಾಡಿದರು. ವ್ಯಾಕರಣವನ್ನೋದಿದವರಿಗೆ ಪಾಣಿನಿಯ ಶೇಷಾಧಿಕಾರವು ನೆನಪಾಗದಿರದು: ಹೇಳಿದ ಅರ್ಥಗಳಲ್ಲಿ ಯಾವುದಕ್ಕೂ ಸೇರದುದೆಲ್ಲ ಶೇಷ. ಸೂತ್ರಕಾರನಿಗೆ ಅದು ಸೌಕರ್ಯ. ಮನುಷ್ಯನಿಗೆ ಆ ಹೆಸರನ್ನಿಟ್ಟರೆ ಅದು ಬೇರೆಯೇ ಅರ್ಥವನ್ನು ಪಡೆಯುವುದು. ಆ ಶೇಷದಲ್ಲಿದ್ದ ವಿಜಯ ಹಜಾರೆಯವರು 1943ರ ಅಂತಿಮ ಪಂದ್ಯದಲ್ಲಿ ಹಿಂದೂಗಳ ವಿರುದ್ಧ ತಂಡದ 387 ಓಟಗಳಲ್ಲಿ ತಾವೊಬ್ಬರೇ 309ನ್ನು ಹೊಡೆದರು. ಅಷ್ಟಾದರೂ ಅವರ ತಂಡ ಸೋತಿತು.

ಇಂಥ ವ್ಯವಸ್ಥೆಯಲ್ಲಿ ಬಾಳೂ ಅವರು ಹಿಂದೂಗಳ ಪರವಾಗಿ ಆಡಿದರು. ಹೊರಗಿನವರ ಎದುರಿನಲ್ಲಿ ಅವರು ಹಿಂದೂ, ಒಳಗೆ ಅಸ್ಪೃಶ್ಯರು. 1906ರಲ್ಲಿ ಹಿಂದೂಗಳು ಐರೋಪ್ಯರನ್ನು ಸೋಲಿಸಿದ ತಂಡದಲ್ಲಿ ಅವರೂ ಅವರ ತಮ್ಮ ಶಿವರಾಮರೂ ಇದ್ದರು. 1911ರಲ್ಲಿ ಪಟಿಯಾಲೆಯ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡವು ಹೆಚ್ಚಾಗಿ ಸೋತುಬಂದಿತಾದರೂ ಅವರು 114 ವಿಕೆಟ್ಟುಗಳನ್ನು ಪಡೆದರು. ಆ ಪ್ರವಾಸದಿಂದ ಹಿಂದಿರುಗಿದಾಗ ಮುಂಬಯಿಯ ದಲಿತ ಬಂಧುಗಳು ನಡೆಸಿದ ಸನ್ಮಾನದಲ್ಲಿ ಭಾಗವಹಿಸಿದವರಲ್ಲಿ ತರುಣರಾಗಿದ್ದ ಭೀಮರಾವ್ ಅಂಬೇಡ್ಕರರೂ ಒಬ್ಬರು.

ಇಷ್ಟಾದ ಮೇಲೆ ನಾಯಕತ್ವದ ಪ್ರಶ್ನೆ. ಅನುಭವದಲ್ಲಿ ಅವರಿಗೆ ಸಮಾನರಿರಲಿಲ್ಲ. ಆದರೆ ವರ್ಷವರ್ಷವೂ ನಾಯಕನು ಬೇರೊಬ್ಬನಾದನು. ಕೃಪನ ಪ್ರಶ್ನೆಯು ಯಾವಾಗ ಏಳುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯವಿಲ್ಲ. ಬಿಲ್ಲು ಹಿಡಿಯುವಾಗ ಏಳದು, ಸಮಾನನಾಗಿ ನಿಲ್ಲುವಾಗ ಏಳುವುದು. ಚೆಂಡೆಸೆಯುವಾಗ ಏಳದು, ಆಜ್ಞೆ ಕೊಡುವ ಸ್ಥಾನಕ್ಕೆ ಬರುವಾಗ ಏಳುವುದು. ನಾಯಕರಾಗಿ ಆಯ್ಕೆಯಾದ ಎಂ. ಡಿ. ಪೈ ಅವರೇ ಈ ಗೌರವವು ಬಾಳೂ ಅವರಿಗೆ ಸಲ್ಲತಕ್ಕದ್ದೆಂದು ಸಭೆಯಲ್ಲಿ ಹೇಳಿದರು. 1920ರಲ್ಲಿ ಬಾಳೂ ಅವರನ್ನು ತಂಡದಿಂದ ಬಿಟ್ಟು, ತಮ್ಮನಾದ ವಿಠ್ಠಲರ ಹಕ್ಕನ್ನೂ ಕಡೆಗಣಿಸಿದಾಗ, ವಿಠ್ಠಲ ಶಿವರಾಮರಿಬ್ಬರೂ ತಾವು ಆಡುವುದಿಲ್ಲವೆಂದು ಹೊರಗುಳಿದರು. ಪತ್ರಿಕೆಗಳಲ್ಲಿ ಗದ್ದಲವಾಯಿತು. ಮುಂದಿನ ಪಂದ್ಯಕ್ಕೆ ಬಾಳೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. ಪೈ ಅವರು ಕೆಲಹೊತ್ತು ತಾವಾಗಿ ಬಯಲನ್ನು ಬಿಟ್ಟುಹೋಗಿ ಅವರಿಗೆ ನಾಯಕತ್ವ ನಡೆಸಲು ಎಡೆಮಾಡಿಕೊಟ್ಟರು. 1923ರಲ್ಲಿ ವಿಠ್ಠಲರೇ ಪೂರ್ಣ ನಾಯಕರಾಗಿ ಹಿಂದೂಗಳನ್ನು ಗೆಲ್ಲಿಸಿದರು. ಅಣ್ಣನಿಗೆ ಪೈ ಅವರ ಸೌಜನ್ಯದಿಂದ ದೊರೆತುದು ತಮ್ಮನಿಗೆ ಹಕ್ಕಾಗಿ ದೊರೆಯಿತು. ನಡುವಣ ಮೂರು ವರ್ಷಗಳಲ್ಲಿ ನಡೆದುದನ್ನು ಕ್ರೀಡೆಯ ಮಹಿಮೆಯೆಂದು ಕೊಂಡಾಡುವವರು ಆ ಇಬ್ಬರು ಸಹೋದರರು ಆಡದೆ ಕುಳಿತುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಾಳೂ ಅವರನ್ನು ಕರ್ಣನಿಗೆ ಹೋಲಿಸುವುದು ಸುಲಭ. ಅದರಲ್ಲಿ ಅಪಾಯವೂ ಇದೆ. ಎರಡೂ ಕಡೆ ಆದರವು ಅಗತ್ಯದಿಂದ ಹುಟ್ಟಿತು. ದುರ್ಯೋಧನನಿಗೆ ಅರ್ಜುನನ ಎದುರು ನಿಲ್ಲಬಲ್ಲವನೊಬ್ಬನು ಬೇಕಾಗಿದ್ದನು. ಆದುದರಿಂದ ಅಂಗರಾಜ್ಯ, ಅರಳು, ಹೂ, ಚಿನ್ನದ ಕಲಶ. ಹಿಂದೂ ಸಂಘಗಳಿಗೆ ಸಾಹೇಬರ ಎದುರು ನಿಲ್ಲಬಲ್ಲವನೊಬ್ಬನು ಬೇಕಾಗಿದ್ದನು. ಇಲ್ಲಿಯವರೆಗೆ ಸಾಧರ್ಮ್ಯವು ಸರಿ. ಬಾಳೂ ಅವರು 1932ರ ಪುಣೆ ಒಪ್ಪಂದಕ್ಕೆ ಸಹಿಹಾಕಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಅಂಬೇಡ್ಕರರ ವಿರುದ್ಧವೇ ನಿಂತು ಸೋತರು. ಇದನ್ನು ಕರ್ಣನ ಋಣಬಂಧಕ್ಕೆ ಸಮವೆಂದು ಹೇಳಲು ನಾಲಗೆ ತುಡಿಯುವುದು ಸಹಜ. ಆದರೆ ಉಪಮಾನದ ಎಲ್ಲ ಧರ್ಮಗಳೂ ಉಪಮೇಯಕ್ಕೆ ಬರಬೇಕೆಂದು ಆಲಂಕಾರಿಕರು ಎಲ್ಲಿಯೂ ವಿಧಿಸಿಲ್ಲ. ಕರ್ಣನು ಒಬ್ಬ ರಾಜನ ಉಪ್ಪಿಗೆ ಕಟ್ಟುಬಿದ್ದವನು; ಬಾಳೂ ಅವರು ತಮ್ಮ ಬಾಳಿನ ಅನುಭವದಿಂದ ಒಂದು ರಾಜಕೀಯ ಮಾರ್ಗವನ್ನು ಆರಿಸಿಕೊಂಡವರು. ಆ ಮಾರ್ಗವು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದನ್ನು ಋಣವೆಂದು ಕರೆದರೆ ಅವರಿಗೆ ಸ್ವಂತ ವಿವೇಕವಿರಲಿಲ್ಲವೆಂದಂತಾಗುವುದು. ಅದು ಚಹದ ಕುಡಿಕೆಯನ್ನು ಮತ್ತೊಮ್ಮೆ ಕೈಗೆ ಕೊಟ್ಟಂತೆ. ಇನ್ನೊಂದು ಭೇದವೂ ಉಂಟು. ಕರ್ಣಾರ್ಜುನರ ದ್ವಂದ್ವವು ಆ ದಿನ ನಡೆಯಲೇ ಇಲ್ಲ. ಸೂರ್ಯನು ಮುಳುಗಿದನು, ದುರ್ಯೋಧನನು ದೀವಿಗೆಗಳ ಬೆಳಕಿನಲ್ಲಿ ಗೆಳೆಯನ ಕೈಹಿಡಿದು ನಡೆದನು, ಜನರು ಕೆಲವರು ಅರ್ಜುನನನ್ನೂ ಕೆಲವರು ಕರ್ಣನನ್ನೂ ಕೆಲವರು ದುರ್ಯೋಧನನನ್ನೂ ಹೊಗಳುತ್ತ ಮನೆಗೆ ಹೋದರು. ಧಾರವಾಡದಲ್ಲಿ ಹುಟ್ಟಿದವರ ಆಟವಾದರೋ ನಡೆಯಿತು. 114 ಎಂಬ ಅಂಕವನ್ನು ಯಾವ ಕೃಪನೂ ತಿದ್ದಲಾರನು. ಅರ್ಜುನನಲ್ಲಿ ತನ್ನ ಅರಸನನ್ನು ಕಂಡ ಪಂಪನೂ ಕಾವ್ಯದ ಕೊನೆಗೆ ಕರ್ಣನ ನೆನಪಿಗೆ ತಲೆಬಾಗಿದನೆಂಬುದು ಕನ್ನಡಿಗರಿಗೆ ವಿದಿತವಾದ ವಿಷಯ. ಪಂಪನಿಗೆ ಕವಿಹೃದಯವೊಂದೇ ಆಧಾರವಾಗಿತ್ತು, ಇಲ್ಲಿ ಅಂಕದ ಪುಸ್ತಕವೂ ಇದೆ.

1940ರ ಡಿಸೆಂಬರಿನಲ್ಲಿ ಹಿಂದೂ ಜಿಮಖಾನೆಯ ನಿಯೋಗವು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರನ್ನು ಕಂಡಾಗ, ಮತಾನುಸಾರವಾದ ಪಂದ್ಯಗಳನ್ನು ಕೈಬಿಡುವುದು ಲೇಸೆಂದು ಅವರು ಹೇಳಿದರು. 1946ರ ವೇಳೆಗೆ ಆ ಪಂದ್ಯಗಳು ನಿಂತವು. ಅವುಗಳ ಸ್ಥಾನವನ್ನು 1934ರಲ್ಲಿ ಪ್ರಾಂತಾನುಸಾರವಾಗಿ ಆರಂಭವಾಗಿದ್ದ ರಣಜಿ ಪಂದ್ಯಗಳು ತುಂಬಿದವು. ಆದರೆ ಮತದ ಬದಲು ಪ್ರಾಂತವೆಂದೊಡನೆ ಒಡಕು ಮಾಯವಾಗುವುದೆಂದು ಭಾವಿಸಿದವರು ಕಲ್ಕತ್ತೆಯ ಕಾಲ್ಚೆಂಡನ್ನು ನೋಡಬಹುದು. ಅಲ್ಲಿ 1889ರ ಮೋಹನ ಬಾಗಾನಕ್ಕೂ 1920ರ ಈಸ್ಟ್ ಬೆಂಗಾಲಿಗೂ ಇರುವ ಸ್ಪರ್ಧೆಯಲ್ಲಿ ಮತವೂ ಜಾತಿಯೂ ಮುಖ್ಯವಲ್ಲ. ನದಿಯ ಯಾವ ದಡದಿಂದ ಬಂದವರೆಂಬುದು ಮುಖ್ಯ. 1947ರ ಬಳಿಕ ನಿರಾಶ್ರಿತರಾಗಿ ಬಂದವರಿಗೆ ಆ ಎರಡನೆಯ ತಂಡವೇ ಕಳೆದುಹೋದ ಊರಾಯಿತು. 1980ರ ಆಗಸ್ಟ್ 16ರಂದು ಈಡನ್ ಉದ್ಯಾನದಲ್ಲಿ ಈ ಎರಡು ತಂಡಗಳ ಪಂದ್ಯದಲ್ಲಿ ಮಂಚಗಳ ಮೇಲೆ ನಡೆದ ಗಲಭೆಯಿಂದ 16 ಜನ ಪ್ರೇಕ್ಷಕರು ಸತ್ತರು. ರಂಗಪ್ರಕೋಪವೆಂಬ ಮಾತು ಅತಿಶಯೋಕ್ತಿಯಲ್ಲ.

ಬೆಂಗಳೂರಿನ ಒಡಕು ಇಷ್ಟು ಗಟ್ಟಿಯಾಗಿ ಕೂಗುವುದಿಲ್ಲ. 1809ರಲ್ಲಿ ದಂಡು ಬಂದು ನೆಲೆನಿಂತಂದಿನಿಂದ ಆ ಊರು ಎರಡು ಊರು. ಪೇಟೆಯ ಕಡೆ ಮೈಸೂರಿನ ಅರಸರ ಆಡಳಿತ, ದಂಡಿನ ಕಡೆ ಬ್ರಿಟಿಷರ ಆಡಳಿತ, ನಡುವೆ ಕಬ್ಬನ್ ಉದ್ಯಾನ. ದಂಡಿನ ಸುತ್ತಣ ಕೇರಿಗಳಲ್ಲಿ ತಮಿಳು, ಉರ್ದು, ಇಂಗ್ಲಿಷು ಕೇಳುವುದು ಹೆಚ್ಚು. ಸಿಪಾಯಿಗಳ ಕಾಲ್ಚೆಂಡು ಅಲ್ಲಿನ ಬಡವರ ಮಕ್ಕಳ ಬರಿಗಾಲಿಗೆ ಬಂದಿತು. ಅದಕ್ಕೆ ಚೆಂಡೊಂದು ಬಿಟ್ಟರೆ ಮತ್ತೇನೂ ಬೇಡ. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಬಟ್ಟಲನ್ನು ಗೆದ್ದಿತು. ಬಿಳಿಯ ಸೈನಿಕರ ತಂಡಗಳೇ ಗೆಲ್ಲುತ್ತಿದ್ದ ಆ ಬಟ್ಟಲನ್ನು ಭಾರತೀಯ ನಾಗರಿಕರ ತಂಡವೊಂದು ಗೆದ್ದುದು ಅದೇ ಮೊದಲು. ಮೈಸೂರು ಸಂಸ್ಥಾನದ ತಂಡವು 1946ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. 1948ರ ಲಂಡನ್ ಒಲಿಂಪಿಕ್ಕಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎರಡು ಊರುಗಳ ಪುರಸಭೆಗಳು 1949ರಲ್ಲಿ ಒಂದಾದವು. ಆದರೂ ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಜೊತೆಗೆ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ನಿಂತಿದೆ. ಉದ್ಯಾನದ ಆಚೆಯ ಬಡಾವಣೆಗಳಲ್ಲಿ ಹುಡುಗರು ಬೆಳಗ್ಗೆ ಹೊತ್ತುಕೊಂಡು ಹೋಗುವುದು ಕ್ರಿಕೆಟ್ಟಿನ ಚೀಲವನ್ನು. ಜಗಳವಿಲ್ಲ, ಒಬ್ಬರ ಆಟವನ್ನು ಮತ್ತೊಬ್ಬರು ನೋಡಲು ಹೋಗುವುದಿಲ್ಲ, ಅಷ್ಟೆ. ಕಲ್ಕತ್ತೆಯ ದ್ವೇಷದಲ್ಲಿ ಎದುರಾಳಿಯ ಹೆಸರಾದರೂ ಬಾಯಲ್ಲಿರುತ್ತದೆ. ಬೆಂಗಳೂರಿನ ಉದಾಸೀನವು ಅದಕ್ಕಿಂತ ಸಭ್ಯವೆಂದು ತೋರಬಹುದು. ಮೇಲಾದುದೆಂದು ಹೇಳುವುದು ಕಷ್ಟ.

ಸೈದಾಪುರ, ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಈ ಮಹಾನಗರಗಳ ವೃತ್ತಾಂತದಿಂದೇನೆಂದು ಕೇಳಬಹುದು. ಇಲ್ಲಿನ ಜಾತ್ರೆಗಳಲ್ಲಿ ಕುಸ್ತಿ ಮುಖ್ಯ; ಓಣಿಗಳಲ್ಲಿ ಕಬಡ್ಡಿ. ಇವೆರಡೂ ಕ್ರಿಕೆಟ್ಟಿನಂಥ ಆಟಗಳಲ್ಲ. ಕ್ರಿಕೆಟ್ಟಿನಲ್ಲಿ ಒಬ್ಬನನ್ನೊಬ್ಬನು ಮುಟ್ಟದೆ ಇಡೀ ದಿನವನ್ನು ಕಳೆಯಬಹುದು. ಆದುದರಿಂದಲೇ ಪುಣೆಯಲ್ಲಿ ಆ ಏರ್ಪಾಟು ಸಾಧ್ಯವಾಯಿತು. ಕುಸ್ತಿಯಲ್ಲಿ ಮೈಗೆ ಮೈ ತಾಗದೆ ಆಟವೇ ಇಲ್ಲ. ಕಬಡ್ಡಿಯಲ್ಲಾದರೋ ಮುಟ್ಟುವುದೇ ಜಯ, ಮುಟ್ಟಿಸಿಕೊಂಡವನು ಹೊರಗೆ. ಮುಟ್ಟನ್ನು ಕುರಿತು ಇಷ್ಟು ಕಟ್ಟಳೆಗಳನ್ನು ಮಾಡಿದ ಸಮಾಜವು ಮುಟ್ಟನ್ನೇ ಪ್ರಾಣವಾಗಿ ಉಳ್ಳ ಆಟಗಳನ್ನು ಪ್ರೀತಿಸಿದುದು ಸೋಜಿಗದ ಸಂಗತಿ. ಕಣದ ಮಣ್ಣು ಮೈಗೆ ಹತ್ತಿದ ಮೇಲೆ ಯಾರ ಕುಲ ಯಾವುದೆಂದು ತಿಳಿಯದೆಂದು ಹಿರಿಯರು ಹೇಳುವುದುಂಟು. ನಿಜವೇ, ಆದರೆ ಮಣ್ಣು ಹತ್ತುವುದಕ್ಕೆ ಮುಂಚೆ ಜೋಡಿ ಕಟ್ಟುವವರಿದ್ದಾರೆ. ತೆಂಗಿನಕಾಯಿಯ ಕುಸ್ತಿಗೆ ಯಾರನ್ನು ಯಾರೊಡನೆ ಬಿಡಬೇಕು, ಬೆಳ್ಳಿಯ ಕಡಗದ ಕೊನೆಯ ಕುಸ್ತಿಗೆ ಯಾರನ್ನು ನಿಲ್ಲಿಸಬೇಕು, ಸೋತರೆ ಯಾವ ಕೇರಿಯಲ್ಲಿ ಮಾತು ಬೆಳೆದೀತು ಎಂಬುದನ್ನೆಲ್ಲ ತೂಗಿನೋಡುವ ಆ ಪಂಚರು ದೇಹದ ತೂಕವೊಂದನ್ನೇ ನೋಡುವವರಲ್ಲ. ಅವರ ಮೌನದಲ್ಲಿ ಕೃಪನೂ ಇದ್ದಾನೆ. ರಂಗವು ಕೆರಳೀತೆಂದು ಅಂಜುವ ದ್ರೋಣನೂ ಇದ್ದಾನೆ. ಅವರನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಆದರೆ ಒಂದು ಊರಿನಲ್ಲಿ ಯಾವ ಜೋಡಿಯನ್ನು ಎಂದಿಗೂ ಕಟ್ಟಲಿಲ್ಲವೆಂಬುದನ್ನು ಬರೆದಿಟ್ಟರೆ ಅದು ಆ ಊರಿನ ಚರಿತ್ರೆಗೆ ಗೆದ್ದವರ ಪಟ್ಟಿಗಿಂತ ಹೆಚ್ಚು ಉಪಯುಕ್ತವಾದೀತು.

ಕಬಡ್ಡಿಯ ಪಂದ್ಯಾವಳಿಗಳಲ್ಲಿ ತಂಡಗಳು ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುತ್ತವೆ. ವಾಲ್ಮೀಕಿ, ಅಂಬೇಡ್ಕರ್, ಬಸವೇಶ್ವರ, ಕನಕದಾಸ, ಅಂಬಿಗರ ಚೌಡಯ್ಯ, ಟಿಪ್ಪು ಮೊದಲಾದ ಪುಣ್ಯನಾಮಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಾಗ ಪರಸ್ಥಳದವನಿಗೂ ಊರಿನ ಓಣಿಗಳು ಗೊತ್ತಾಗುತ್ತವೆ. ಕುಲವು ಕಳಂಕವಾಗಿದ್ದಾಗ ಅದನ್ನು ಕೇಳುವವನು ಕೃಪನಾಗಿದ್ದನು; ಈಗ ಅದನ್ನು ಅಭಿಮಾನದಿಂದ ಅಂಗಿಯ ಬೆನ್ನಿನ ಮೇಲೆ ಅಚ್ಚುಹಾಕಿಸಿಕೊಳ್ಳುವವರು ಆಟಗಾರರೇ. ಇದನ್ನು ಜಾತೀಯತೆಯೆಂದು ಬೇಸರಪಡುವ ವಿದ್ಯಾವಂತರು, ಬಾಳೂ ಅವರಿಗೆ ಅಂಥ ಅಂಗಿಯೊಂದು ಇರಲಿಲ್ಲವೆಂಬುದನ್ನೂ, ಅವರು ತೊಟ್ಟುದು ತಮ್ಮನ್ನು ಮಂಟಪದ ಹೊರಗೆ ಕೂರಿಸಿದವರ ಹೆಸರಿನ ಅಂಗಿಯೆಂಬುದನ್ನೂ ಸ್ವಲ್ಪ ಆಲೋಚಿಸಬಹುದು. ಆದರೆ ಒಂದು ಓಣಿಯ ತಂಡಕ್ಕೆ ಬೇರೆ ಓಣಿಯ ಒಳ್ಳೆಯ ಆಟಗಾರನನ್ನು ಕರೆದುಕೊಳ್ಳುವ ಪದ್ಧತಿಯೂ ಉಂಟು. ಹಾಗೆ ಬಂದವನಿಗೆ ಆಟ ಮುಗಿದ ಮೇಲೆ ಊಟವನ್ನು ಯಾರ ಮನೆಯಲ್ಲಿ, ಯಾವ ಪಂಕ್ತಿಯಲ್ಲಿ ಬಡಿಸುತ್ತಾರೆಂಬುದನ್ನು ಮಾತ್ರ ಹಲಗೆಯ ಮೇಲೆ ಯಾರೂ ಬರೆಯುವುದಿಲ್ಲ.